ಗೋಡೆಗೆ ಗುಲಾಬಿ ಬಣ್ಣ

ನಮ್ಮ ಶಾಲೆಯಲ್ಲಿ ಕಲಿತು ಈಗ ಸ್ವಂತ ಮನೆಗಳನ್ನು ಕಟ್ಟಿಸುವ ಸ್ಥಿತಿಗೆ ಬಂದಿರುವ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಭೇಟಿ ಕೊಟ್ಟಾಗ, ಮಕ್ಕಳ ಕುಶಲವನ್ನು ಹೇಳಿ ಮುಗಿಸಿದ ಬಳಿಕ ಎತ್ತುವ ವಿಷಯಗಳಲ್ಲಿ ಗೋಡೆಯ ಬಣ್ಣವೂ ಒಂದಾಗಿರುತ್ತದೆ. ಬಣ್ಣದ ಅಂಗಡಿಯವರು ತೋರಿಸುವ ಪುಸ್ತಕದಲ್ಲಿ ಛಾಯೆಗಳಿಗೆ ಲೆಕ್ಕವಿಲ್ಲ. ಗುಲಾಬಿಯ ಬಗೆಗಳೇ ಪುಟಗಟ್ಟಲೆ ತುಂಬಿರುತ್ತವೆ. ಈ ಹತ್ತು ಹನ್ನೆರಡು ವರ್ಷಗಳಿಂದ ದೇಶವಿದೇಶಗಳ ಭೋಜನಗೃಹಗಳಲ್ಲಿಯೂ ಅಂಗಡಿಗಳಲ್ಲಿಯೂ ವಾಸದ ಮನೆಗಳಲ್ಲಿಯೂ ಈ ಬಣ್ಣವು ಬಹಳವಾಗಿ ಬಳಕೆಗೆ ಬಂದಿರುವದರಿಂದ, ಅದರ ವಿಷಯವಾಗಿ ಕೆಲವು ಸಂಗತಿಗಳನ್ನು ಈ ಸಂಚಿಕೆಯ ಮೂಲಕ ತಿಳಿಸುವದು ಯುಕ್ತವೆಂದು ನಮಗೆ ತೋರಿತು. ಹೀಗೆ ಬರೆಯುವದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಅದರ ಸ್ಥಳದಲ್ಲಿ ಹೇಳುವೆವು.

ಮೊದಲು ಹೆಸರಿನ ಮಾತು. ಕೆಂಪು, ಹಸುರು, ಕಪ್ಪು, ಬಿಳಿ ಎಂಬವುಗಳಿಗೆ ಕನ್ನಡದಲ್ಲಿ ಸ್ವಂತ ಪದಗಳುಂಟು, ಗುಲಾಬಿಗೆ ಇಲ್ಲ. ತೆಳುಗೆಂಪು, ನಸುಗೆಂಪು ಎಂದು ಕೆಂಪಿನ ಹೆಸರನ್ನೇ ಸಾಲ ತಂದು ಹೇಳುತ್ತೇವೆ. ಸಂಸ್ಕೃತದ ಪಾಟಲವೆಂಬದು ನಮ್ಮ ಪಾದರಿ ಮರದ ಹೂವಿನ ಹೆಸರು. ಗುಲಾಬಿಯೆಂಬದಾದರೋ ಪಾರಸಿಯಿಂದ ಬಂದದ್ದು. ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಪನ್ನೀರಿನ ಹೆಸರು ಹೂವಿಗೂ, ಹೂವಿನ ಹೆಸರು ಬಣ್ಣಕ್ಕೂ ಅಂಟಿಕೊಂಡಿತು. ಇಂಗ್ಲಿಷಿನ ಪಿಂಕ್ ಎಂಬ ಪದವೂ ತೋಟದ ಒಂದು ಹೂವಿನದೇ. ಇಷ್ಟೇ ಅಲ್ಲ, ನಮ್ಮ ಹುಡುಗಿಯರು ವಿಜ್ಞಾನದ ಕೊಠಡಿಯಲ್ಲಿ ಪಟ್ಟಕದ ಗಾಜಿನಿಂದ ಬಿಸಿಲನ್ನು ಒಡೆದು ನೋಡುವಾಗ ನೇರಳೆಯಿಂದ ಕೆಂಪಿನ ವರೆಗೆ ಎಲ್ಲವೂ ಗೋಡೆಯ ಮೇಲೆ ಬೀಳುತ್ತವೆ, ಗುಲಾಬಿ ಮಾತ್ರ ಬೀಳುವದಿಲ್ಲ. ಕಾಮನಬಿಲ್ಲಿನಲ್ಲಿಯೂ ಅದು ಇಲ್ಲ. ಕೆಂಪಿನೊಂದಿಗೆ ಬಿಳಿಯ ಬೆಳಕು ಹೇರಳವಾಗಿ ಕೂಡಿದಾಗ ನಮ್ಮ ಕಣ್ಣು ಅದನ್ನು ಗುಲಾಬಿಯೆಂದು ಗ್ರಹಿಸುತ್ತದೆ. ಇಂಥ ತೆಳುವಾದ ಬಣ್ಣವು ಸುತ್ತಲಿನ ಬೆಳಕಿಗೆ ಬಹು ಬೇಗನೆ ಒಳಗಾಗುತ್ತದೆ. ಇದನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾಕಂದರೆ ಮುಂದಿನ ಮಾತುಗಳಿಗೆಲ್ಲ ಇದೇ ಬುನಾದಿ.

ಹೆಸರು ಹೂವಿನದಾದರೂ ಗೋಡೆಗೆ ಈ ಬಣ್ಣವು ಬಂದದ್ದು ಮಣ್ಣಿನಿಂದ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಅದಕ್ಕೆ ಕೆಮ್ಮಣ್ಣನ್ನೋ ಜಾಜನ್ನೋ ಒಂದು ಹಿಡಿ ಕದಡಿದರೆ ಸಿಕ್ಕುವದು ಗುಲಾಬಿಯೇ ಹೊರತು ಕೆಂಪಲ್ಲ. ಕೆಮ್ಮಣ್ಣಿನ ಕೆಂಪೆಂದರೆ ಕಬ್ಬಿಣದ ತುಕ್ಕಿನ ಜಾತಿಯದು. ಅದು ಸುಣ್ಣದ ಕ್ಷಾರಕ್ಕೂ ಬಿಸಿಲಿಗೂ ಜಗ್ಗುವದಿಲ್ಲ. ಗಿಡಮೂಲಗಳಿಂದ ತೆಗೆದ ಕೆಂಪುಗಳಲ್ಲಿ ಅನೇಕವು ಸುಣ್ಣವನ್ನು ಕೂಡಿದೊಡನೆ ಕೆಡುತ್ತವೆ, ಇಲ್ಲವೆ ಬಿಸಿಲಿಗೆ ಮಾಸಿಹೋಗುತ್ತವೆ. ಸುಣ್ಣ ಬಳಿಯುವ ನಾಡುಗಳಲ್ಲಿ ಕೆಮ್ಮಣ್ಣಿನ ಗುಲಾಬಿಯೇ ಗಟ್ಟಿಯಾಗಿ ನಿಂತದ್ದು ಇದರಿಂದಲೇ. ಕಾರವಾರ, ಅಂಕೋಲೆ, ಕುಮಟೆಗಳ ಕಡೆಯ ಹಳೆಯ ದೇವಸ್ಥಾನಗಳಲ್ಲಿ ಕಾವಿಕಲೆಯೆಂಬ ಗೋಡೆಯ ಚಿತ್ರಗಳುಂಟು. ಬಿಳಿಯ ಗಾರೆಯ ಮೇಲೆ ಕಾವಿಮಣ್ಣನ್ನು ಹಚ್ಚಿ, ಅದು ಹಸಿಯಾಗಿರುವಾಗಲೇ ಕೆರೆದು ಒಳಗಿನ ಬಿಳುಪನ್ನು ಹೊರತೆಗೆದು ಬಿಡಿಸಿದವುಗಳು ಅವು. ಹತ್ತಿರದಿಂದ ನೋಡಿದರೆ ಕೆಂಪು ಮತ್ತು ಬಿಳಿ. ಬೀದಿಯ ಆಚೆಯಿಂದ ನೋಡಿದರೆ ಸಣ್ಣ ಬಳ್ಳಿಗಳೆಲ್ಲ ಕಲಸಿ ಗೋಡೆಯೇ ನಸುಗೆಂಪಾಗಿ ಕಾಣುತ್ತದೆ. ನಮ್ಮ ಹಳೆಯ ಮನೆಗಳ ಕೆಂಪು ಗಾರೆಯ ನೆಲವನ್ನು ಬಲ್ಲವರಿಗೆ ಇನ್ನೊಂದು ಚೋದ್ಯವೂ ಗೊತ್ತು. ಬಾಗಿಲಿನಿಂದ ಬಂದ ಬಿಸಿಲು ಆ ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮುವಾಗ, ಸುಣ್ಣ ಬಳಿದ ಗೋಡೆಯು ಸೊಂಟದೆತ್ತರದ ವರೆಗೆ ಗುಲಾಬಿಯಾಗುತ್ತದೆ. ಬಿಸಿಲು ಸರಿದರೆ ಅದೂ ಸರಿಯಿತು. ಅದಕ್ಕೆ ಒಂದು ಕಾಸಿನ ಬಣ್ಣವೂ ಬೇಡ.

ಕಲ್ಲಿನಲ್ಲಿಯೂ ಇಟ್ಟಿಗೆಯಲ್ಲಿಯೂ ಹುಟ್ಟುಗುಲಾಬಿಯುಂಟು. ಇಳಕಲ್ಲಿನ ನಸುಗೆಂಪು ಗ್ರಾನೈಟ್ ದೂರದೇಶಗಳ ಕಟ್ಟಡಗಳಿಗೂ ಹೋಗುತ್ತದೆ. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ಕ್ರಿ.ಶ. ೫೭೮ರಲ್ಲಿ ಪೂರೈಸಿದನು, ಅಲ್ಲಿಯ ಮರಳುಗಲ್ಲನ್ನು ಸಂಜೆಯ ಹೊತ್ತಿನಲ್ಲಿ ನೋಡಿದವರು ಅದನ್ನು ಬರಿಯ ಕೆಂಪೆಂದು ಹೇಳಲಾರರು. ಫ್ರಾನ್ಸಿನ ತುಲೂಸ್ ಪಟ್ಟಣಕ್ಕೆ ಗುಲಾಬಿ ಪಟ್ಟಣವೆಂಬ ಹೆಸರೇ ಇದೆ. ಅಲ್ಲಿ ಯಾರೂ ಬಣ್ಣವನ್ನು ಆರಿಸಲಿಲ್ಲ. ಒಳ್ಳೆಯ ಕಲ್ಲು ಹತ್ತಿರದಲ್ಲಿ ಸಿಕ್ಕದ್ದರಿಂದ ಗರೋನ್ ನದಿಯ ಬಯಲಿನ ಜೇಡಿಯನ್ನು ಸುಟ್ಟು ಇಟ್ಟಿಗೆ ಮಾಡಿದರು. ಗುಡಿಗೂ ಮನೆಗೂ ಅದೇ ಆಯಿತು.

ಜಯಪುರದ ಕಥೆ ಇದಕ್ಕಿಂತ ಬೇರೆ. ೧೭೨೭ರಲ್ಲಿ ಎರಡನೆಯ ಸವಾಯಿ ಜಯಸಿಂಹನು ಸ್ಥಾಪಿಸಿದ ಆ ನಗರವು ಮೊದಲಿನಿಂದಲೂ ಈಗಿನ ಬಣ್ಣದ್ದಾಗಿರಲಿಲ್ಲ. ೧೮೭೬ನೆಯ ಇಸವಿಯಲ್ಲಿ ಇಂಗ್ಲೆಂಡಿನ ಯುವರಾಜ ಆಲ್ಬರ್ಟ್ ಎಡ್ವರ್ಡನು ಬರುವನೆಂಬ ಸಂದರ್ಭದಲ್ಲಿ ಮಹಾರಾಜ ಸವಾಯಿ ರಾಮಸಿಂಹನು ಬೀದಿಗಳಿಗೆಲ್ಲ ಗೇರುಗುಲಾಬಿಯನ್ನು ಬಳಿಯಿಸಿದನು. ಅರಸರ ಕೋಟೆಗಳ ಕೆಂಪು ಮರಳುಗಲ್ಲನ್ನು ಹೋಲುವ ಬಣ್ಣವು ಹೀಗೆ ಸಾಮಾನ್ಯ ಅಂಗಡಿಯ ಗಾರೆಗೂ ದೊರಕಿತು. ಅತಿಥಿಯು ಬಂದು ಹೋದನು; ಬಣ್ಣವು ಉಳಿಯಿತು. ೨೦೧೯ರಲ್ಲಿ ಯುನೆಸ್ಕೋ ಸಂಸ್ಥೆಯವರು ಪ್ರಾಕಾರದೊಳಗಿನ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅಲ್ಲಿಯ ಜಾಣ್ಮೆಯನ್ನು ನಮ್ಮ ಬಣ್ಣದ ಮೇಸ್ತ್ರಿಗಳು ಕಲಿಯತಕ್ಕದ್ದು. ಇಡಿಯ ಗೋಡೆಯನ್ನು ಒಂದೇ ಬಣ್ಣದಲ್ಲಿ ಮುಚ್ಚಿ ಸುಮ್ಮನಾಗದೆ, ಕಿಟಕಿ ಕಮಾನುಗಳ ಅಂಚುಗಳಿಗೆ ಬಿಳಿಯ ಗೆರೆಯನ್ನು ಎಳೆದಿದ್ದಾರೆ. ಆ ಗೆರೆಯಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿಯೆಲ್ಲ ಒಂದೇ ಮಣ್ಣಿನ ದಿಬ್ಬದಂತೆ ತೋರುತ್ತಿತ್ತು.

ಈ ಕಾಲದ ವಾಸ್ತುಶಿಲ್ಪದಲ್ಲಿ ಗುಲಾಬಿಯನ್ನು ಗಂಭೀರವಾದ ಬಣ್ಣವನ್ನಾಗಿ ಮಾಡಿದವನು ಮೆಕ್ಸಿಕೋ ದೇಶದ ಲೂಯಿಸ್ ಬರಾಗಾನ್. ೧೯೦೨ರಲ್ಲಿ ಗ್ವಾದಲಹಾರಾದಲ್ಲಿ ಹುಟ್ಟಿ ೧೯೮೮ರಲ್ಲಿ ತೀರಿಕೊಂಡ ಇವನಿಗೆ ೧೯೮೦ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿ ದೊರೆಯಿತು. ಯುರೋಪಿನ ಹೊಸ ಶಿಲ್ಪಿಗಳನೇಕರು ಬಿಳಿಯ ಗೋಡೆಯನ್ನೂ ದೊಡ್ಡ ಗಾಜನ್ನೂ ಮೆಚ್ಚುತ್ತಿದ್ದ ಕಾಲದಲ್ಲಿ ಇವನು ದಪ್ಪಗೋಡೆ, ಸಣ್ಣ ಕಿಟಕಿ, ಕಡುಬಣ್ಣ ಇವುಗಳನ್ನು ಹಿಡಿದನು. ತನ್ನ ಊರುಕೇರಿಗಳ ಮನೆಗಳಿಂದಲೂ ಸಂತೆಗಳಿಂದಲೂ ಬೋಗನ್‌ವಿಲ್ಲಾ ಬಳ್ಳಿಯಿಂದಲೂ ಬಣ್ಣಗಳನ್ನು ಆರಿಸಿದನು. ಈ ಕೆಲಸದಲ್ಲಿ ಹೆಸುಸ್ ರೆಯೆಸ್ ಫೆರೆಯ್ರಾ ಎಂಬ ಚಿತ್ರಕಾರನ ಸಲಹೆಯೂ ಅವನಿಗೆ ಇತ್ತು. ಬೋಗನ್‌ವಿಲ್ಲಾ ನಮಗೂ ಹೊಸತಲ್ಲ, ನಮ್ಮ ಶಾಲೆಯ ಬೇಲಿಯ ಕಾಗದದ ಹೂ ಅದೇ.

ಮೆಕ್ಸಿಕೋ ನಗರದಲ್ಲಿ ೧೯೪೮ರಲ್ಲಿ ಅವನು ಕಟ್ಟಿಕೊಂಡ ಸ್ವಂತ ಮನೆಯು ಬೀದಿಯಿಂದ ನೋಡುವವರಿಗೆ ಏನನ್ನೂ ಹೇಳುವದಿಲ್ಲ. ಬಾಗಿಲು ದಾಟಿದರೆ ಇಕ್ಕಟ್ಟಾದ ಮಬ್ಬು ಓಣಿ. ಅದರ ಕೊನೆಗೆ ಎತ್ತರವಾದ ಪಡಸಾಲೆ. ನೆಲಕ್ಕೆ ಕಪ್ಪಾದ ಜ್ವಾಲಾಮುಖಿಯ ಕಲ್ಲು, ಎದುರಿಗೆ ಗುಲಾಬಿ ಗೋಡೆ, ಮೆಟ್ಟಿಲಿನ ತಿರುವಿನಲ್ಲಿ ಬಂಗಾರದ ರೇಕು ಹೊದಿಸಿದ ಒಂದು ಫಲಕ. ಮೇಲಿನಿಂದ ಇಳಿಯುವ ಬೆಳಕು ಆ ಬಂಗಾರಕ್ಕೆ ತಗಲಿ ಗೋಡೆಯ ಮೇಲೆ ಹರಡುತ್ತದೆ. ಕತ್ತಲೆಯನ್ನು ದಾಟಿ ಬಂದ ಕಣ್ಣಿಗೆ ಆ ಗುಲಾಬಿಯು ಬಣ್ಣವೆಂದು ತೋರದೆ ಬೆಳಕೆಂದೇ ತೋರುವದು. ೨೦೦೪ರಲ್ಲಿ ಈ ಮನೆಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದೇ ನಗರದ ಹೊರವಲಯದಲ್ಲಿ ೧೯೬೮ರ ಹೊತ್ತಿಗೆ ಅವನು ಮುಗಿಸಿದ ಒಂದು ಕುದುರೆ ಲಾಯವುಂಟು. ದೊಡ್ಡ ಅಂಗಳ, ಕುದುರೆಗಳು ಇಳಿಯುವ ಕೊಳ, ತುಕ್ಕಿನ ಬಣ್ಣದ ಗೋಡೆಯ ಸೀಳಿನಿಂದ ಧುಮುಕುವ ನೀರು, ಸುತ್ತಲೂ ಗುಲಾಬಿಯ ಉದ್ದನೆಯ ಗೋಡೆಗಳು. ಆ ಗೋಡೆಗಳಿಗೆ ಮಾಡಿಲ್ಲ, ಕಿಟಕಿಯಿಲ್ಲ, ಒಂದು ಅಲಂಕಾರವೂ ಇಲ್ಲ. ಮೇಲೆ ಗಾಢವಾದ ನೀಲಾಕಾಶ, ಹಿಂದೆ ಹಸುರು ಮರಗಳು, ಎದುರಿಗೆ ಕಂದು ಕುದುರೆ. ಗುಲಾಬಿಯೆಂದರೆ ಕೋಮಲವೂ ದುರ್ಬಲವೂ ಆದದ್ದೆಂದು ಹೇಳುವವರಿಗೆ ಆ ಲಾಯದ ಛಾಯಾಚಿತ್ರವನ್ನು ತೋರಿಸಿದರೆ ಸಾಕು. ಮುಂದೆ ೧೯೭೬ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವನು ಅದೇ ನಗರದಲ್ಲಿ ಇನ್ನೊಂದು ಮನೆಯನ್ನು ಕಟ್ಟಿದನು. ನಿವೇಶನದಲ್ಲಿ ಮೊದಲೇ ಇದ್ದ ಜಕರಂದ ಮರವನ್ನು ಕಡಿಯದೆ ಅದರ ಸುತ್ತಲೇ ಮನೆಯ ನಕ್ಷೆಯನ್ನು ರಚಿಸಿ, ಬೀದಿಮುಖಕ್ಕೆ ಗುಲಾಬಿಯನ್ನು ಕೊಟ್ಟನು. ಬೆಂಗಳೂರಿನ ಬೀದಿಗಳಲ್ಲಿ ಜಕರಂದ ಹೂ ಬಿಡುವದನ್ನು ಕಂಡವರು ಆ ನೇರಳೆಯನ್ನು ಗುಲಾಬಿಯ ಪಕ್ಕದಲ್ಲಿ ಇಟ್ಟು ಊಹಿಸಿಕೊಳ್ಳಲಿ.

ನೆರೆಯ ಬಣ್ಣದಿಂದ ಬಣ್ಣವು ಮಾರ್ಪಡುವದನ್ನು ಶಾಸ್ತ್ರವಾಗಿ ವಿವರಿಸಿದವನು ಮಿಶೆಲ್ ಶೆವ್ರೊಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು. ಪ್ಯಾರಿಸ್ ನಗರದ ಗೊಬೆಲೆ ನೆಯ್ಗೆಶಾಲೆಯಲ್ಲಿ ಅವನು ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದನು. ಕಪ್ಪು ನೂಲು ಮಂಕಾಗಿದೆಯೆಂಬ ದೂರನ್ನು ಪರೀಕ್ಷಿಸಹೋಗಿ, ತಪ್ಪು ನೂಲಿನದಲ್ಲ, ಅದರ ಬದಿಯ ನೂಲಿನದೆಂದು ಕಂಡು, ೧೮೩೯ರಲ್ಲಿ ದೊಡ್ಡ ಗ್ರಂಥವನ್ನೇ ಬರೆದನು. ಗುಲಾಬಿಯು ಹಸುರಿನ ಪಕ್ಕದಲ್ಲಿ ಕಳೆಯೇರುತ್ತದೆ. ಕಡುಗೆಂಪಿನ ಪಕ್ಕದಲ್ಲಿ ಬಿಳಿಚಿಕೊಳ್ಳುತ್ತದೆ. ಹೂವು ಕಟ್ಟುವ ನಮ್ಮ ತಾಯಂದಿರು ಕನಕಾಂಬರದ ನಡುವೆ ಮರುಗವನ್ನು ಸೇರಿಸುವಾಗ ಇದನ್ನು ಪುಸ್ತಕವಿಲ್ಲದೆಯೇ ಬಲ್ಲರು.

ಇನ್ನು ಒಳಾಂಗಣದ ಸಂಗತಿ. ಲಂಡನ್ನಿನ ಸ್ಕೆಚ್ ಎಂಬ ಭೋಜನಗೃಹದ ಗ್ಯಾಲರಿಯೆಂಬ ಕೋಣೆಯನ್ನು ೨೦೧೪ರಲ್ಲಿ ಇಂಡಿಯಾ ಮೆಹದವಿ ಎಂಬ ಶಿಲ್ಪಿಯು ಗುಲಾಬಿಯಿಂದಲೇ ತುಂಬಿಸಿದಳು. ಟೆಹರಾನಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಕೆಲಸ ಮಾಡುವ ಈಕೆ ಗೋಡೆಗೂ ಗುಲಾಬಿ, ಮಖಮಲ್ಲಿನ ಕುರ್ಚಿಗೂ ಗುಲಾಬಿ ಇಟ್ಟಳು. ಗೋಡೆಯ ಮೇಲೆ ಡೇವಿಡ್ ಶ್ರಿಗ್ಲಿ ಎಂಬ ಕಲೆಗಾರನ ೨೩೯ ಕಪ್ಪುಬಿಳುಪಿನ ರೇಖಾಚಿತ್ರಗಳು. ಜನರು ಚಹಾ ಕುಡಿಯುವದಕ್ಕಿಂತ ಛಾಯಾಚಿತ್ರ ತೆಗೆದುಕೊಳ್ಳುವದಕ್ಕೇ ಬಂದರೆಂದರೆ ಅತಿಶಯವಾಗದು. ಅಲ್ಲಿಂದ ಮುಂದೆ ಎಷ್ಟೋ ಪಟ್ಟಣಗಳಲ್ಲಿ ಅದರ ಪಡಿಯಚ್ಚುಗಳು ಹುಟ್ಟಿದವು. ೨೦೧೬ನೆಯ ವರ್ಷಕ್ಕಾಗಿ ಪ್ಯಾಂಟೋನ್ ಎಂಬ ಬಣ್ಣದ ಸಂಸ್ಥೆಯವರು ಒಂದು ತೆಳುಗುಲಾಬಿಯನ್ನೂ ಒಂದು ತೆಳುನೀಲಿಯನ್ನೂ ಆ ವರ್ಷದ ಬಣ್ಣಗಳೆಂದು ಸಾರಿದರು. ೨೦೨೨ರಲ್ಲಿ ಆ ಭೋಜನಗೃಹವೇ ಗುಲಾಬಿಯನ್ನು ತೊರೆದು ಬಂಗಾರದ ಹಳದಿಗೆ ತಿರುಗಿತು. ಗುಲಾಬಿ ಗೋಡೆಯಿಂದ ಚಿಮ್ಮಿದ ಬೆಳಕು ಕೂತವರ ಮುಖಕ್ಕೆ ಕಳೆ ಕೊಡುವದು ನಿಜ. ಆದರೆ ನಾಲ್ಕು ಕಡೆಗೂ ಒಂದೇ ಬಣ್ಣವಿದ್ದಲ್ಲಿ ಕಣ್ಣು ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕೆ ಒಗ್ಗಿ, ಬಣ್ಣವು ಇದ್ದೂ ಇಲ್ಲದಂತಾಗುತ್ತದೆ. ಒಂದು ತಾಸಿನ ಅತಿಥಿಗೆ ತಕ್ಕ ಕೋಣೆಯು ದಿನವೆಲ್ಲ ಬದುಕುವವರಿಗೆ ತಕ್ಕದ್ದಲ್ಲವೆಂಬದು ನಮ್ಮ ಅಭಿಪ್ರಾಯ. ಬರಾಗಾನನು ಒಂದು ಗೋಡೆಗೆ ಗುಲಾಬಿಯನ್ನು ಕೊಟ್ಟು ಮೂರನ್ನು ಸುಮ್ಮನೆ ಬಿಡುತ್ತಿದ್ದ ರೀತಿಯೇ ವಾಸದ ಮನೆಗೆ ಹತ್ತಿರ.

ಗುಲಾಬಿಯು ಹೆಣ್ಣುಮಕ್ಕಳ ಬಣ್ಣವೆಂಬ ಮಾತನ್ನು ಈಗ ವಿಚಾರಿಸೋಣ. ಇದನ್ನು ಸೃಷ್ಟಿನಿಯಮವೆಂಬಂತೆ ಹೇಳುವವರು ಬಹಳ. ಆದರೆ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಪತ್ರಿಕೆಯೊಂದು ೧೯೧೮ರಲ್ಲಿ, ಗುಲಾಬಿಯು ನಿಶ್ಚಯವುಳ್ಳ ಬಲವಾದ ಬಣ್ಣವಾದುದರಿಂದ ಗಂಡುಮಕ್ಕಳಿಗೂ, ನೀಲಿಯು ನಯವಾದದ್ದಾದುದರಿಂದ ಹೆಣ್ಣುಮಕ್ಕಳಿಗೂ ಒಪ್ಪುತ್ತದೆಂದು ಬರೆದಿತ್ತು. ಆಗ ಬೇರೆ ಬೇರೆ ಅಂಗಡಿಗಳಲ್ಲಿ ಬೇರೆ ಬೇರೆ ಪದ್ಧತಿಗಳಿದ್ದವು. ಈಗಿನ ಕ್ರಮವು ಗಟ್ಟಿಯಾದದ್ದು ಸುಮಾರು ೧೯೪೦ರ ಬಳಿಕ. ೧೯೫೩ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಪದವಿಗೇರಿದ ದಿನ ಅವರ ಪತ್ನಿ ಮೇಮಿಯವರು ಗುಲಾಬಿಯ ನಿಲುವಂಗಿಯನ್ನು ತೊಟ್ಟರು. ಆ ದಶಕದಲ್ಲಿ ಅಮೆರಿಕದ ಸ್ನಾನದ ಮನೆಗಳ ಹೆಂಚುಬಿಲ್ಲೆ, ತೊಟ್ಟಿಗಳೂ ಗುಲಾಬಿಯಾದವು. ಅಂಗಡಿಯವರಿಗೆ ಇದರಿಂದ ಲಾಭವೇ ಆಯಿತು. ಅಕ್ಕನಿಗೆ ಕೊಂಡ ತೊಟ್ಟಿಲು ತಮ್ಮನಿಗೆ ಆಗದಿದ್ದರೆ ಎರಡನೆಯ ತೊಟ್ಟಿಲು ಮಾರಾಟವಾಗಬೇಕಷ್ಟೆ!

ಈ ಬಣ್ಣಕ್ಕೆ ಮನಸ್ಸನ್ನು ಪಳಗಿಸುವ ಶಕ್ತಿಯುಂಟೆಂಬ ಮಾತೂ ಹಬ್ಬಿದೆ. ೧೯೭೯ರಲ್ಲಿ ಅಮೆರಿಕದ ಸಿಯಾಟಲ್ ನಗರದ ನೌಕಾದಳದ ಸೆರೆಮನೆಯಲ್ಲಿ ಅಲೆಕ್ಸಾಂಡರ್ ಶಾಸ್ ಎಂಬವನ ಸಲಹೆಯಂತೆ ಒಂದು ಕೋಣೆಗೆ ಗುಲಾಬಿಯನ್ನು ಬಳಿದರು. ಎಂಟು ಪಾಲು ಬಿಳಿಗೆ ಒಂದು ಪಾಲು ಕೆಂಪು ಅದರ ಅಳತೆ. ಕೈದಿಗಳ ಸಿಟ್ಟು ಇಳಿಯಿತೆಂಬ ಸುದ್ದಿಯಿಂದ ಬೇರೆ ಸೆರೆಮನೆಗಳೂ ಅದನ್ನು ಅನುಸರಿಸಿದವು. ಬಳಿಕ ಸ್ವಿಟ್ಜರ್‌ಲೆಂಡಿನ ಸೆರೆಮನೆಯೊಂದರಲ್ಲಿ ಕೆಲವರನ್ನು ಗುಲಾಬಿಯ ಕೋಣೆಯಲ್ಲಿಯೂ ಕೆಲವರನ್ನು ಬಿಳಿಯ ಕೋಣೆಯಲ್ಲಿಯೂ ಇಟ್ಟು ಹೋಲಿಸಿ ನೋಡಿದಾಗ ಅಂಥ ಪರಿಣಾಮವೇನೂ ಕಾಣಲಿಲ್ಲವೆಂದು ೨೦೧೫ರಲ್ಲಿ ಪ್ರಕಟವಾಯಿತು. ಒಂದೇ ಬಣ್ಣವನ್ನು ಕೈದಿಗಳನ್ನು ಅಡಗಿಸುವದಕ್ಕೂ ಹುಡುಗಿಯರನ್ನು ಮೆಚ್ಚಿಸುವದಕ್ಕೂ ಗೊತ್ತುಮಾಡಿದವರು ಹುಡುಗಿಯರ ವಿಷಯವಾಗಿ ಏನೆಂದು ತಿಳಿದಿದ್ದರೋ ನಾವರಿಯೆವು.

ಮೊದಲು ಹೇಳುವೆವೆಂದ ಕಾರಣಕ್ಕೆ ಬಂದೆವು. ನಮ್ಮ ಬೋರ್ಡಿಂಗಿನ ಹೊಸ ಶಯನಶಾಲೆಯ ಕೆಲಸವು ಮುಗಿಯುತ್ತ ಬಂದಾಗ, ಬಣ್ಣದ ವೆಚ್ಚವನ್ನೆಲ್ಲ ತಾವೇ ವಹಿಸುವದಾಗಿ ಹಳೆಯ ವಿದ್ಯಾರ್ಥಿನಿಯೊಬ್ಬರು ಔದಾರ್ಯದಿಂದ ಬರೆದರು. ಹೆಣ್ಣುಮಕ್ಕಳು ಮಲಗುವ ಸ್ಥಳವಾದ ಕಾರಣ ಒಳಗೂ ಹೊರಗೂ ಗುಲಾಬಿಯನ್ನೇ ಬಳಿಯಬೇಕೆಂಬದು ಅವರ ಆಸೆಯಾಗಿತ್ತು. ಕೊಡುವ ಕೈಯ ಮಾತನ್ನು ಮೀರುವದು ಸುಲಭವಲ್ಲ. ಬಣ್ಣ ಯಾವದಾದರೇನು, ಹಣ ಉಳಿಯಿತಷ್ಟೆ ಎಂದು ಮಂಡಳಿಯಲ್ಲಿ ಹೇಳಿದವರೂ ಉಂಟು. ಆದರೆ ಒಂದು ಬಣ್ಣವನ್ನು ತೋರಿಸಿ ಇದು ನಿನ್ನದೆಂದು ಹೇಳಿಸಿಕೊಂಡ ಮಗುವು ಉಳಿದವುಗಳು ತನ್ನವಲ್ಲವೆಂಬದನ್ನೂ ಅದರೊಂದಿಗೇ ಕಲಿಯುತ್ತದೆ. ಬಣ್ಣದಲ್ಲಿ ಕಲಿತದ್ದು ಬಣ್ಣದಲ್ಲಿಯೇ ನಿಲ್ಲುವದಿಲ್ಲ; ಲೆಕ್ಕವು ನನ್ನದಲ್ಲ, ಯಂತ್ರವು ನನ್ನದಲ್ಲವೆಂದು ಹೇಳಿ ಹಿಂದೆ ಸರಿಯುವ ಹುಡುಗಿಯರನ್ನು ಉಪಾಧ್ಯಾಯಿನಿಯರಾದ ನಾವು ಪ್ರತಿ ವರ್ಷವೂ ಕಾಣುತ್ತೇವೆ. ಆದಕಾರಣ ಹುಡುಗಿಯರಿಗಾಗಿ ಎಂಬ ಕಾರಣವನ್ನು ಬದಿಗಿಟ್ಟು, ಬೆಳಕನ್ನು ನೋಡಿ ತೀರ್ಮಾನಿಸುವದೆಂದು ನಿಶ್ಚಯಿಸಿದೆವು.

ಹತ್ತನೆಯ ತರಗತಿಯವರು ಶಯನಶಾಲೆಯ ಪಡುಗೋಡೆಯಲ್ಲಿಯೂ ಭೋಜನಶಾಲೆಯ ಒಳಗೋಡೆಯಲ್ಲಿಯೂ ಗುಲಾಬಿ, ಬಿಳಿ, ಎಳೆಹಸುರು ಎಂಬ ಮೂರು ಮೂರು ಪಟ್ಟಿಗಳನ್ನು ಬಳಿದು, ಒಂದು ವಾರದ ವರೆಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಕಂಡದ್ದನ್ನು ಬರೆದಿಟ್ಟರು. ಶಯನಶಾಲೆಯ ಗುಲಾಬಿಯು ಸಂಜೆ ಐದು ಗಂಟೆಯ ಬಿಸಿಲಿಗೆ ಕಾದ ಹೆಂಚಿನಂತೆ ಉರಿಯುತ್ತಿತ್ತು. ರಾತ್ರಿ ಬೆಳ್ಳನೆಯ ಎಲ್.ಇ.ಡಿ. ದೀಪದ ಕೆಳಗೆ ಅದೇ ಗುಲಾಬಿಯು ಬೂದಿಯ ಬಣ್ಣಕ್ಕಿಳಿಯಿತು. ಬಡಗಣ ಕಿಟಕಿಗಳುಳ್ಳ ಭೋಜನಶಾಲೆಯಲ್ಲಾದರೋ, ಹೊರಗಿನ ಮಾವಿನ ಮರಗಳಿಂದ ಬರುವ ಬೆಳಕು ಹಸುರಾಗಿದ್ದು, ಅಲ್ಲಿಯ ಬಿಳಿಪಟ್ಟಿಯೂ ಜೋಲುಮುಖದಂತಿತ್ತು. ಗುಲಾಬಿಯು ಮಾತ್ರ ದಿನವಿಡೀ ನಗುಮುಖದಿಂದ ನಿಂತಿತು. ನಿಮ್ಮ ಶಯನಶಾಲೆಗೆ ಯಾವದು ಬೇಕೆಂದು ಹುಡುಗಿಯರನ್ನೇ ಕೇಳಿದಾಗ ಹೆಚ್ಚಿನವರು ಎಳೆಹಸುರನ್ನು ಕೇಳಿದರು. ಗುಲಾಬಿಯನ್ನು ಕೇಳಿದ ಕೆಲವರೂ ಇದ್ದರು; ಅವರ ಇಷ್ಟವೂ ಇಷ್ಟವೇ, ಅದಕ್ಕಾಗಿ ಯಾರೂ ಅವರನ್ನು ನಗಲಿಲ್ಲ. ದಾನ ಕೊಟ್ಟ ತಾಯಿಯವರು ನಮ್ಮ ಪತ್ರವನ್ನು ಓದಿ ಮೊದಲು ನೊಂದುಕೊಂಡರು. ಬಳಿಕ ಒಂದು ಸಂಜೆ ತಾವೇ ಬಂದು ಪಡುಗೋಡೆಯ ಮುಂದೆ ಬಹಳ ಹೊತ್ತು ನಿಂತು, ಹುಡುಗಿಯರು ಬರೆದಿಟ್ಟ ಪುಸ್ತಕವನ್ನು ಓದಿ, ಭೋಜನಶಾಲೆಗೆ ಗುಲಾಬಿಯೂ ಶಯನಶಾಲೆಗೆ ಹಸುರೂ ಆಗಲೆಂದು ಹೇಳಿ ಹೋದರು. ಹಣವನ್ನು ಎರಡಕ್ಕೂ ಕೊಟ್ಟರು.

ಮನೆಯಲ್ಲಿ ಇದನ್ನು ಮಾಡಬಯಸುವವರಿಗೆ ಒಂದೆರಡು ಮಾತು. ಅಂಗಡಿಯ ಪುಸ್ತಕದ ಬೆರಳಗಲದ ಚೌಕವನ್ನು ನಂಬಬೇಡಿರಿ. ಅದೇ ಬಣ್ಣವು ಇಡಿಯ ಗೋಡೆಗೆ ಹರಡಿದಾಗ ಹೆಚ್ಚು ಗಾಢವಾಗಿ ಕಾಣುತ್ತದೆ. ಒಂದು ಗಜ ಅಗಲ ಬಳಿದು, ನೀವು ಆ ಕೋಣೆಯಲ್ಲಿ ಹೆಚ್ಚಾಗಿ ಕೂಡುವ ಹೊತ್ತಿನಲ್ಲಿ ನೋಡಿರಿ. ರಾತ್ರಿ ಬಳಕೆಯ ಕೋಣೆಯಾದರೆ ಹಳದಿ ಬೆಳಕಿನ ದೀಪವನ್ನು ಹಾಕಿರಿ. ಸುಣ್ಣದಲ್ಲಿ ಮಾಡುವವರು ಗಾರೆಯ ಗೋಡೆಯನ್ನು ಮೊದಲು ನೀರಿನಿಂದ ತೋಯಿಸಬೇಕು. ಅಂಗಡಿಯ ಎಮಲ್ಷನ್ ಬಣ್ಣ ಬಳಿದ ಗೋಡೆಗೆ ಸುಣ್ಣವು ಸರಿಯಾಗಿ ಹಿಡಿಯದು. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪಸ್ವಲ್ಪವಾಗಿ ಕೂಡಿಸುತ್ತ, ಹಲಗೆಯ ತುಂಡಿನ ಮೇಲೆ ಬಳಿದು ಒಣಗಿಸಿ ನೋಡುತ್ತ ಹೋಗಬೇಕು. ಇಡೀ ಕೋಣೆಗೆ ಬೇಕಾಗುವಷ್ಟನ್ನು ಒಂದೇ ಸಲ ಕಲಸಿಡುವದು ಲೇಸು, ಎರಡನೆಯ ಬಾನಿಯ ಬಣ್ಣವು ಮೊದಲನೆಯದಕ್ಕೆ ಎಂದಿಗೂ ಸರಿಹೊಂದದು. ಬಳಿದ ದಿನ ಗೋಡೆಯು ಇಟ್ಟಿಗೆಯ ಹಾಗೆ ಕೆಂಪಾಗಿ ಕಂ‌ಡರೆ ಮೇಸ್ತ್ರಿಯ ಮೇಲೆ ರೇಗಬೇಡಿರಿ. ಸುಣ್ಣವು ಪೂರ್ಣವಾಗಿ ಒಣಗುವ ಹೊತ್ತಿಗೆ ಅದು ತಾನಾಗಿಯೇ ಗುಲಾಬಿಗೆ ಇಳಿಯುವದು.